ಏಳು ಇಂಚಿನ ಹಾಯಿದೋಣಿ: ರೇನ್‌ಗಟರ್ ರೆಗಟ್ಟಾ ಕಿಟ್ ಕೊಳ್ಳುವ ಮುನ್ನ

ಅಮೆರಿಕದಲ್ಲಿ ಮಕ್ಕಳನ್ನು ಚಿಕ್ಕವರ ಸ್ಕೌಟ್ ವಿಭಾಗವಾದ ಕಬ್ ಸ್ಕೌಟ್‌ಗೆ ಸೇರಿಸಿರುವ ಕನ್ನಡ ಕುಟುಂಬಗಳಲ್ಲಿ ಪೈನ್‌ವುಡ್ ಡರ್ಬಿಯ ಹೆಸರು ಕೇಳದವರು ಕಡಿಮೆ. 1953ರಲ್ಲಿ ಕ್ಯಾಲಿಫೋರ್ನಿಯಾದ ಮ್ಯಾನ್‌ಹಟನ್ ಬೀಚಿನಲ್ಲಿ ಡಾನ್ ಮರ್ಫಿ ಎಂಬ ಕಬ್ ಮಾಸ್ಟರ್ ಆರಂಭಿಸಿದ ಆ ಮರದ ಕಾರುಗಳ ಓಟ ಇಂದಿಗೂ ಅನೇಕ ಪ್ಯಾಕ್‌ಗಳಿಗೆ, ಅಂದರೆ ಕಬ್ ಸ್ಕೌಟ್‌ಗಳ ಸ್ಥಳೀಯ ತಂಡಗಳಿಗೆ, ವರ್ಷದ ದೊಡ್ಡ ಹಬ್ಬ. ಅದೇ ಬಳಗಕ್ಕೆ ಸೇರಿದ, ಆದರೆ ಅಷ್ಟು ಸದ್ದು ಮಾಡದ ಇನ್ನೊಂದು ಸ್ಪರ್ಧೆಯೇ ರೇನ್‌ಗಟರ್ ರೆಗಟ್ಟಾ. ಮನೆಯ ಸೂರಂಚಿನಲ್ಲಿ ಮಳೆನೀರನ್ನು ಹಿಡಿದು ಸಾಗಿಸುವ ಹತ್ತು ಅಡಿ ಉದ್ದದ ದಂಬೆಯ ಎರಡೂ ತುದಿಗಳನ್ನು ಮುಚ್ಚಿ, ಅದರಲ್ಲಿ ನೀರು ತುಂಬಿಸಿ, ಮಕ್ಕಳು ತಾವೇ ಮಾಡಿದ ಏಳು ಇಂಚಿನ ಹಾಯಿದೋಣಿಯನ್ನು ಬಾಯಿಂದ ಊದುತ್ತ ಈ ತುದಿಯಿಂದ ಆ ತುದಿಗೆ ಓಡಿಸುವ ಸ್ಪರ್ಧೆ ಅದು. ಹಿಂದೆ ಬಾಯ್ ಸ್ಕೌಟ್ಸ್ ಆಫ್ ಅಮೆರಿಕ ಎಂದಿದ್ದು 2025ರ ಫೆಬ್ರವರಿಯಿಂದ ಸ್ಕೌಟಿಂಗ್ ಅಮೆರಿಕ ಎಂದು ಹೆಸರಾದ ಸಂಸ್ಥೆ ಇದಕ್ಕಾಗಿ ತನ್ನದೇ ಕಿಟ್ ಮಾರುತ್ತದೆ. ಅದೇ ಅಳತೆಗೆ ಹೊಂದುವಂತೆ ಬೇರೆ ತಯಾರಕರು ಮಾಡಿದ ಕಿಟ್‌ಗಳೂ ಆನ್‌ಲೈನ್ ಅಂಗಡಿಗಳಲ್ಲಿ ಸಿಗುತ್ತವೆ. ನಮ್ಮ ಮನೆಯಲ್ಲಿ ಇಬ್ಬರು ಮಕ್ಕಳ ಜೊತೆ ಕಟ್ಟಿದ್ದು ಎರಡನೆಯ ಬಗೆಯದು, ಮತ್ತು ಮುಂದೆ ಹೇಳುವ ಕೊರತೆಗಳೆಲ್ಲ ಆ ಕಿಟ್ಟಿಗೆ ಮಾತ್ರ ಸೇರಿದವು.

ದಂಬೆಯ ಓಟಕ್ಕೆ ಈ ಪುಟ್ಟ ದೋಣಿ ಬಹಳ ಒಳ್ಳೆಯದು, ಆದರೆ ನಿಜವಾದ ಗಾಳಿಗೆ ಒಡ್ಡುವ ಹಾಯಿದೋಣಿಯಾಗಿ ಅದು ಅಪೂರ್ಣ ಎಂಬುದು ನನ್ನ ತೀರ್ಮಾನ. ಪೆಟ್ಟಿಗೆಯಲ್ಲಿ ಬಂದಂತೆ ಕಟ್ಟಿದರೆ ಮಗು ಒಂದು ಸಂಜೆ ಸಂತೋಷಪಡುತ್ತದೆ. ಹಾಯಿಯನ್ನೂ ಕೀಲನ್ನೂ (ದೋಣಿಯ ತಳದಿಂದ ನೀರಿಗೆ ಇಳಿಯುವ ಪಟ್ಟಿ) ಸ್ವಲ್ಪ ಬದಲಾಯಿಸಿಕೊಂಡರೆ ಅದೇ ದೋಣಿ ಕೊಳದ ಮೇಲೆ ಗಾಳಿ ಹೇಗೆ ಕೆಲಸ ಮಾಡುತ್ತದೆ ಎಂಬುದನ್ನು ಬೇಸಿಗೆಯುದ್ದಕ್ಕೂ ತೋರಿಸಿಕೊಡುತ್ತದೆ. ಆ ಬದಲಾವಣೆಗಳಿಗೆ ತಗಲುವ ಖರ್ಚು ಅತ್ಯಲ್ಪ. ಹಾಗಿದ್ದೂ ಕಿಟ್ಟಿನೊಳಗಿನ ಸೂಚನಾ ಹಾಳೆಯಲ್ಲಿ ಅವುಗಳ ಸುಳಿವೂ ಇಲ್ಲ ಎಂಬುದೇ ನನ್ನ ಮುಖ್ಯ ಆಕ್ಷೇಪ.

ಪೆಟ್ಟಿಗೆ ತೆರೆದರೆ ಕಾಣುವುದು ಮೂತಿಯನ್ನು ಒರಟಾಗಿ ಕೊರೆದ ಬಾಲ್ಸಾ ಮರದ ಒಂದು ತುಂಡು, ಪಟಗಂಬಕ್ಕೆ ತೆಳುವಾದ ದುಂಡು ಕಡ್ಡಿ, ಕೀಲ್ ಮತ್ತು ಚುಕ್ಕಾಣಿಗೆ ಎರಡು ಚಿಕ್ಕ ತಗಡುಗಳು, ಒಂದು ಹಾಯಿ ಹಾಗೂ ಚಿತ್ರಗಳೇ ತುಂಬಿದ ಸೂಚನಾ ಹಾಳೆ. ಬೆಲೆ ಹತ್ತು ಡಾಲರಿನ ಆಸುಪಾಸು. ಈ ಬೆಲೆಗೆ ಮರದ ಗುಣಮಟ್ಟದ ಬಗ್ಗೆ ದೂರುವುದು ನ್ಯಾಯವಲ್ಲ, ಮತ್ತು ದೂರುವಂಥದ್ದೂ ಅಲ್ಲಿ ಹೆಚ್ಚಿರಲಿಲ್ಲ. ಬಾಲ್ಸಾ ಮುಖ್ಯವಾಗಿ ಈಕ್ವೆಡಾರ್‌ನಿಂದ ಬರುವ ಮರ. ಒಂದು ಘನ ಮೀಟರಿಗೆ ಸುಮಾರು 160 ಕಿಲೋ ತೂಗುತ್ತದೆ, ಅಂದರೆ ನೀರಿನ ಆರನೆಯ ಒಂದು ಭಾಗದಷ್ಟು. ಉಗುರಿನಿಂದ ಒತ್ತಿದರೆ ಗುರುತು ಬೀಳುವಷ್ಟು ಮೆದುವಾದ್ದರಿಂದ ಆರು ವರ್ಷದ ಮಗುವೂ ಚಾಕು ಮುಟ್ಟದೆ, ಬರೀ ಉಪ್ಪುಕಾಗದದಿಂದ ಉಜ್ಜಿ, ಅದಕ್ಕೆ ದೋಣಿಯ ಆಕಾರ ಕೊಡಬಲ್ಲದು. ಕಿಟ್ಟಿನ ಅತ್ಯುತ್ತಮ ಗುಣ ನನ್ನ ದೃಷ್ಟಿಯಲ್ಲಿ ಇದೇ. ಪೈನ್ ಮರದ ಕಾರಿಗೆ ಗರಗಸ ಬೇಕು, ಗರಗಸ ಎಂದ ಕೂಡಲೇ ಕೆಲಸ ಅಪ್ಪನ ಕೈಗೆ ಹೋಗುತ್ತದೆ, ಮಗು ಪಕ್ಕದಲ್ಲಿ ನಿಂತು ನೋಡುತ್ತದೆ. ಬಾಲ್ಸಾ ದೋಣಿಯಲ್ಲಿ ಹಿರಿಯರ ಪಾಲಿಗೆ ಉಳಿಯುವ ಅನಿವಾರ್ಯ ಕೆಲಸವೆಂದರೆ ಪಟಗಂಬದ ರಂಧ್ರವನ್ನು ನೆಟ್ಟಗೆ ಕೊರೆಯುವುದೊಂದೇ.

ಉಜ್ಜುವ ಕೆಲಸವನ್ನು 120ರ ಉಪ್ಪುಕಾಗದದಿಂದ ಆರಂಭಿಸಿ 220ರದ್ದರಿಂದ ಮುಗಿಸಬೇಕು, ಮರದ ಎಳೆ ಹೋದ ದಿಕ್ಕಿನಲ್ಲೇ ಕೈ ಆಡಿಸಬೇಕು. ಮಕ್ಕಳು ಮೂತಿಯನ್ನು ಚೂಪು ಮಾಡುವ ಉತ್ಸಾಹದಲ್ಲಿ ಉದ್ದವನ್ನೇ ಸವೆಸಿಬಿಡುವುದುಂಟು, ಅದನ್ನು ತಡೆಯಬೇಕು. ನಿಯಮದ ಪ್ರಕಾರ ಒಡಲಿನ ಉದ್ದ ಆರೂವರೆಯಿಂದ ಏಳು ಇಂಚಿನೊಳಗಿರಬೇಕು, ಮತ್ತು ಈ ಅರ್ಧ ಇಂಚಿಗೆ ಬೆಲೆ ಇದೆ. ನೀರಿನ ಮೇಲ್ಮೈಯಲ್ಲಿ ಸಾಗುವ ಒಡಲು ತಾನೇ ಎಬ್ಬಿಸಿದ ಅಲೆಯ ಜೊತೆ ಹೆಣಗಬೇಕಾಗುತ್ತದೆ, ಮತ್ತು ಆ ಅಲೆ ಅದರ ವೇಗಕ್ಕೆ ಒಂದು ಮಿತಿ ಹಾಕುತ್ತದೆ. ಒಡಲು ನೀರನ್ನು ಮುಟ್ಟುವ ಉದ್ದವನ್ನು ಅಡಿಗಳಲ್ಲಿ ಅಳೆದು, ಅದರ ವರ್ಗಮೂಲವನ್ನು 1.34ರಿಂದ ಗುಣಿಸಿದರೆ ಆ ಮಿತಿ ಹಡಗುಗಳ ವೇಗದ ಅಳತೆಯಾದ ನಾಟ್ ಲೆಕ್ಕದಲ್ಲಿ ಸರಿಸುಮಾರು ಸಿಗುತ್ತದೆ. ಏಳು ಇಂಚಿನ ದೋಣಿಗೆ ಅದು ಒಂದು ನಾಟ್‌ಗಿಂತ ತುಸು ಹೆಚ್ಚು, ಅಂದರೆ ಸೆಕೆಂಡಿಗೆ ಅರ್ಧ ಮೀಟರಿನಷ್ಟು. ಹತ್ತು ಅಡಿಯ ದಂಬೆಯನ್ನು ಈ ವೇಗದಲ್ಲಿ ದಾಟಲು ಆರು ಸೆಕೆಂಡು ಹಿಡಿಯುತ್ತದೆ. ಇಕ್ಕಟ್ಟಾದ ನೀರಿನಲ್ಲಿ ತಡೆ ಹೆಚ್ಚಿರುವುದರಿಂದ, ಹೊರಡುವಾಗ ವೇಗ ಕೂಡಿಬರಲು ಸಮಯ ಬೇಕಾದ್ದರಿಂದ, ನಿಜದ ಓಟ ಅದಕ್ಕಿಂತ ನಿಧಾನ. ಆರೂವರೆ ಇಂಚಿಗೆ ಇಳಿಸಿದ ದೋಣಿಯ ಮಿತಿ ಶೇಕಡಾ 4ರಷ್ಟು ಕಡಿಮೆಯಾಗುತ್ತದೆ. ಮೂತಿಗೆ ಮೂತಿ ತಾಗಿಕೊಂಡು ಮುಗಿಯುವ ಸ್ಪರ್ಧೆಯಲ್ಲಿ ಅದು ಸಣ್ಣ ಅಂತರವಲ್ಲ.

ಈ ಲೆಕ್ಕದ ಹಿಂದೆ ಇರುವವರು ಇಂಗ್ಲೆಂಡಿನ ಎಂಜಿನಿಯರ್ ವಿಲಿಯಂ ಫ್ರೂಡ್. 1870ರ ದಶಕದ ಆರಂಭದಲ್ಲಿ ಟಾರ್ಕಿ ಪಟ್ಟಣದ ತಮ್ಮ ಮನೆಯ ಬಳಿ ಅವರು ಉದ್ದನೆಯ, ಕಿರಿದಾದ ನೀರಿನ ತೊಟ್ಟಿಯೊಂದನ್ನು ಕಟ್ಟಿಸಿ, ಅದರಲ್ಲಿ ಸಣ್ಣ ಮಾದರಿ ಹಡಗುಗಳನ್ನು ಎಳೆಸಿ, ಅವು ಎದುರಿಸುವ ತಡೆಯನ್ನು ಅಳೆದು, ಅದರಿಂದ ದೊಡ್ಡ ಹಡಗಿಗೆ ಬೇಕಾಗುವ ಬಲವನ್ನು ಲೆಕ್ಕ ಹಾಕುವ ವಿಧಾನವನ್ನು ರೂಪಿಸಿದರು. ಶಾಲೆಯ ಊಟದ ಕೋಣೆಯಲ್ಲಿ ಮಕ್ಕಳು ದೋಣಿ ಓಡಿಸುವ ದಂಬೆ, ಆಕಾರದಲ್ಲೂ ತತ್ವದಲ್ಲೂ, ಆ ತೊಟ್ಟಿಯ ಹತ್ತಿರದ ಸಂಬಂಧಿ. ಎಂಟು ಒಂಬತ್ತು ವರ್ಷದ ಮಗುವಿಗೆ ವರ್ಗಮೂಲ ಬೇಡ. ಚಿಕ್ಕದೊಂದು, ದೊಡ್ಡದೊಂದು ಒಡಲನ್ನು ಒಂದೇ ಬಲದಿಂದ ಎಳೆದು ತೋರಿಸಿದರೆ ಸಾಕು, ಉದ್ದದ ಮಹತ್ವ ಅದಕ್ಕೆ ತಾನಾಗಿ ತಿಳಿಯುತ್ತದೆ.

ಕೀಲಿನ ವಿಷಯಕ್ಕೆ ಬಂದಾಗ ಸೂಚನಾ ಹಾಳೆಯ ಬಡತನ ಎದ್ದು ಕಾಣುತ್ತದೆ. ಇಲ್ಲಿ ಸಿಕ್ಕಿಸಿ ಎಂಬ ಬಾಣದ ಗುರುತು ಬಿಟ್ಟರೆ ಆ ತಗಡು ಏಕೆ ಬೇಕು ಎಂಬುದಕ್ಕೆ ಒಂದು ಸಾಲೂ ಇಲ್ಲ. ನೀರಿನ ಆರನೆಯ ಒಂದು ಭಾಗ ಮಾತ್ರ ತೂಗುವ ಮರದ ತುಂಡು ತನ್ನ ಆರನೆಯ ಒಂದು ಭಾಗವನ್ನಷ್ಟೇ ಮುಳುಗಿಸಿಕೊಂಡು ತೇಲುತ್ತದೆ. ಅದರ ಮೇಲೆ ಆರೂವರೆ ಇಂಚಿನ ಕಂಬ ನಿಲ್ಲಿಸಿ ಹಾಯಿ ಕಟ್ಟಿದರೆ ಮೊದಲ ಉಸಿರಿಗೇ ಅದು ಮಗುಚಿಕೊಳ್ಳುತ್ತದೆ. ಇದನ್ನು ವಿವರಿಸುವುದಕ್ಕಿಂತ ಮಾಡಿ ತೋರಿಸುವುದು ಒಳ್ಳೆಯದು. ಕೀಲ್ ಇಲ್ಲದೆ ಒಮ್ಮೆ ಸ್ನಾನದ ಟಬ್ಬಿನಲ್ಲಿ ಬಿಟ್ಟು ಊದಿಸಿ, ಆಮೇಲೆ ಕೀಲ್ ಸಿಕ್ಕಿಸಿ ಊದಿಸಿದರೆ, ನೀರಿನ ಕೆಳಗಿನ ಭಾರ ಮೇಲಿನ ಗಾಳಿಗೆ ಉತ್ತರ ಕೊಡುತ್ತದೆ ಎಂಬುದು ಮಗುವಿಗೆ ಕ್ಷಣದಲ್ಲಿ ತಿಳಿಯುತ್ತದೆ. ನಮ್ಮ ಚಿಕ್ಕ ಮಗಳು ಇದಾದ ಮೇಲೆ ತಾನಾಗಿಯೇ ಕೀಲ್ ಓರೆಯಾಗಿದೆಯೇ ಎಂದು ದೋಣಿಯನ್ನು ಕಣ್ಣಿನ ಮಟ್ಟಕ್ಕೆ ಹಿಡಿದು ನೋಡತೊಡಗಿದಳು. ನೋಡಬೇಕಾದ್ದೂ ಅದನ್ನೇ: ಕೀಲ್ ಒಂದಿಷ್ಟು ಓರೆಯಾದರೂ ದೋಣಿ ಸದಾ ಒಂದೇ ಪಕ್ಕಕ್ಕೆ ತಿರುಗಿ ದಂಬೆಯ ಗೋಡೆಗೆ ಉಜ್ಜುತ್ತ ಸಾಗುತ್ತದೆ. ಕಿಟ್ಟಿನಲ್ಲಿ ಕೀಲಿಗೆಂದು ಕೊರೆದ ಸೀಳು ಮಧ್ಯರೇಖೆಗೆ ಸರಿಯಾಗಿ ಇಲ್ಲದಿದ್ದರೆ ಅದನ್ನು ಬಿಟ್ಟು, ಅಳತೆಪಟ್ಟಿ ಇಟ್ಟು ಹೊಸ ಗೆರೆ ಎಳೆದು, ಬೇರೆ ಸೀಳು ಮಾಡಿಕೊಳ್ಳುವುದೇ ಸರಿ. ಹಳೆಯದನ್ನು ಬಾಲ್ಸಾದ ಪುಡಿ ಮತ್ತು ಅಂಟು ಬೆರೆಸಿ ಮುಚ್ಚಬಹುದು.

ಅಂಟು ಯಾವುದು ಎಂಬುದು ನಿರ್ಣಾಯಕ. ಶಾಲೆಯಲ್ಲಿ ಬಳಸುವ ಬಿಳಿ ಅಂಟು ನೀರಿನಲ್ಲಿ ಮೆತ್ತಗಾಗುತ್ತದೆ, ಬಿಸಿ ಅಂಟಿನ ಗನ್ನಿನಿಂದ ಹಾಕಿದ್ದು ನಯವಾದ ತಗಡಿನಿಂದ ಸುಲಭವಾಗಿ ಸುಲಿದು ಬರುತ್ತದೆ. ನೀರು ತಾಳುವ ಮರದ ಅಂಟು ಕೊಳ್ಳಬೇಕು. ಭಾರತದಲ್ಲಿ ಕಟ್ಟುವವರಿಗೆ ಫೆವಿಕಾಲ್ ಮರೀನ್ ಎಂಬ ಹೆಸರಿನಲ್ಲಿ ಸಿಗುವುದು ಈ ಕೆಲಸಕ್ಕೆ ಒಗ್ಗುತ್ತದೆ. ಬಣ್ಣಕ್ಕೆ ಅಕ್ರಿಲಿಕ್ ಸಾಕು, ಆದರೆ ಬಣ್ಣಕ್ಕೆ ಮೊದಲೂ ನಂತರವೂ ವಾರ್ನಿಷಿನ ಲೇಪ ಬೇಕೇ ಬೇಕು, ವಿಶೇಷವಾಗಿ ಮರದ ಎಳೆಗಳ ಬಾಯಿ ತೆರೆದಿರುವ ಮುಂದಿನ ಮತ್ತು ಹಿಂದಿನ ತುದಿಗಳಿಗೆ. ಬಾಲ್ಸಾ ಆ ತುದಿಗಳಿಂದಲೇ ನೀರು ಕುಡಿಯುತ್ತದೆ, ಕುಡಿದ ದೋಣಿ ಸುತ್ತಿನಿಂದ ಸುತ್ತಿಗೆ ಭಾರವಾಗುತ್ತ ಹೋಗುತ್ತದೆ. ಮಕ್ಕಳು ಅಂಟಿಸುವ ಮಿನುಗು, ಸ್ಟಿಕ್ಕರು, ಪುಟ್ಟ ಬೊಂಬೆಗಳಿಗೆ ನನ್ನ ಅಡ್ಡಿಯಿಲ್ಲ. ಅವೆಲ್ಲ ಮಧ್ಯರೇಖೆಯ ಮೇಲೆ, ಪಟಗಂಬದ ಹಿಂದೆ, ಆದಷ್ಟು ಕೆಳಗೆ ಇರಲಿ ಎಂಬುದಷ್ಟೇ ನನ್ನ ಕೋರಿಕೆ.

ಹಾಯಿ ಈ ಕಿಟ್ಟಿನ ಅತ್ಯಂತ ದುರ್ಬಲ ಭಾಗ. ನಮಗೆ ಬಂದದ್ದು ದಪ್ಪ ಕಾಗದದ್ದು. ನೀರಿನ ಹನಿ ತಾಗಿದೊಡನೆ ಅದು ಜೋತುಬಿದ್ದು ಕಂಬಕ್ಕೆ ಅಂಟಿಕೊಂಡಿತು. ಹಳೆಯ ಪ್ಲಾಸ್ಟಿಕ್ ಕಡತದ ಹೊದಿಕೆಯನ್ನು ಅದೇ ಅಳತೆಗೆ ಕತ್ತರಿಸಿ, ಮೇಲೊಂದು ಕೆಳಗೊಂದು ರಂಧ್ರ ಮಾಡಿ, ತುಸು ಬಾಗುವಂತೆ ಕಂಬಕ್ಕೆ ಪೋಣಿಸಿದಾಗ ದೋಣಿಯ ನಡೆಯೇ ಬದಲಾಯಿತು. ಬಾಗಿದ ಹೊಟ್ಟೆ ಊದುವವರ ಕಡೆಗೆ ತೆರೆದುಕೊಂಡಿದ್ದರೆ ಉಸಿರು ಅತ್ತಿತ್ತ ಜಾರಿಹೋಗದೆ ಹಾಯಿಯೊಳಗೆ ಸೆರೆಯಾಗುತ್ತದೆ. ಹಾಯಿಯ ಕೆಳಗಿನ ಅಂಚು ದೋಣಿಯ ಮೈಗೆ ಹತ್ತಿರವಿರಬೇಕು, ಏಕೆಂದರೆ ಎತ್ತರದಲ್ಲಿ ಬಿದ್ದ ಗಾಳಿ ದೋಣಿಯನ್ನು ಮುಂದೆ ತಳ್ಳುವುದಕ್ಕಿಂತ ಮೂತಿಯನ್ನು ನೀರಿಗೆ ಅದುಮುತ್ತದೆ. ಇದೇ ಕಾರಣಕ್ಕೆ ಪಟಗಂಬವನ್ನು ಮೂತಿಯ ಕಡೆಗೆ ಹೆಚ್ಚು ಸರಿಸಬಾರದು. ಆದರೆ ನಿಮ್ಮ ಪ್ಯಾಕ್ ಕಿಟ್ಟಿನಲ್ಲಿ ಬಂದ ಹಾಯಿಯನ್ನೇ ಬಳಸಬೇಕೆಂದು ಹೇಳುವುದಾದರೆ, ಅದೇ ಕಾಗದಕ್ಕೆ ಎರಡೂ ಕಡೆ ಅಗಲವಾದ ಪಾರದರ್ಶಕ ಟೇಪ್ ಹಚ್ಚಿದರೂ ನಡೆಯುತ್ತದೆ. ನಿಯಮಗಳು ಪ್ಯಾಕಿನಿಂದ ಪ್ಯಾಕಿಗೆ ಬೇರೆಯಾಗುವುದರಿಂದ ಕತ್ತರಿ ಹಿಡಿಯುವ ಮೊದಲು ಕೇಳಿಕೊಳ್ಳಬೇಕು.

ಓಟದ ಬಗ್ಗೆ ನಾನು ಮನಸಾರೆ ಮೆಚ್ಚಿ ಬರೆಯುತ್ತೇನೆ. ಡರ್ಬಿಯಲ್ಲಿ ಕಾರನ್ನು ಇಳಿಜಾರಿನ ಮೇಲಿಟ್ಟ ಮೇಲೆ ಮಗುವಿನ ಪಾತ್ರ ಮುಗಿಯಿತು. ಉಳಿದದ್ದನ್ನು ಗುರುತ್ವ ನೋಡಿಕೊಳ್ಳುತ್ತದೆ, ಮತ್ತು ಗೆಲುವು ಬಹುಮಟ್ಟಿಗೆ ಯಾರ ಮನೆಯಲ್ಲಿ ಒಳ್ಳೆಯ ಉಪಕರಣಗಳಿವೆ ಎಂಬುದರ ಮೇಲೆ ನಿಲ್ಲುತ್ತದೆ. ರೆಗಟ್ಟಾದಲ್ಲಿ ಕೊನೆಯ ಇಂಚಿನವರೆಗೂ ದೋಣಿಯನ್ನು ನಡೆಸುವುದು ಮಗುವೇ. ಎರಡು ದಂಬೆಗಳನ್ನು ಅಕ್ಕಪಕ್ಕ ಇಟ್ಟು, ಇಬ್ಬರು ಮಕ್ಕಳನ್ನು ಕೈ ಬೆನ್ನ ಹಿಂದೆ ಕಟ್ಟಿಸಿ ನಿಲ್ಲಿಸುತ್ತಾರೆ. ದೋಣಿಯ ಹಿಂಬದಿ ದಂಬೆಯ ತುದಿಗೆ ತಾಗಿರಬೇಕು, ಸೂಚನೆ ಬಿದ್ದ ಮೇಲೆ ಬಾಯಿಂದ ಊದುವುದೊಂದೇ ದಾರಿ. ದೋಣಿ ಮಗುಚಿದರೆ ಅಥವಾ ಸಿಕ್ಕಿಕೊಂಡರೆ ಮಾತ್ರ ಕೈ ಹಾಕಿ ಸರಿಮಾಡಲು ಬಹುತೇಕ ಕಡೆ ಅವಕಾಶವಿದೆ. ಇಲ್ಲಿ ದೊಡ್ಡ ಉಸಿರಿಗಿಂತ ಹದವಾದ ಉಸಿರಿಗೆ ಗೆಲುವು. ಎಲ್ಲ ಬಲ ಹಾಕಿ ಊದಿದ ದೋಣಿ ಮೂತಿ ಮುಳುಗಿಸಿ ನಿಲ್ಲುತ್ತದೆ, ಹಾಯಿಯ ಕೆಳಭಾಗಕ್ಕೆ ಗುರಿಯಿಟ್ಟು ಉದ್ದವಾಗಿ, ಸಮವಾಗಿ ಊದಿದ್ದು ಗೆರೆ ಎಳೆದಂತೆ ಸಾಗುತ್ತದೆ. ತನ್ನ ದೋಣಿ ಎಡಕ್ಕೆ ವಾಲುತ್ತದೆ ಎಂದು ತಿಳಿದ ಮಗು ತಲೆಯನ್ನು ಒಂದಿಷ್ಟು ಎಡಕ್ಕೆ ಸರಿಸಿ ಊದುವುದನ್ನು ತಾನೇ ಕಂಡುಕೊಳ್ಳುತ್ತದೆ. ಹೀಗಾಗಿ ಆರು ವರ್ಷದ ಮಗು ಹತ್ತು ವರ್ಷದವರನ್ನು ಸೋಲಿಸುವುದು ಇಲ್ಲಿ ಅಪರೂಪವಲ್ಲ, ಮತ್ತು ಆ ಗೆಲುವು ಸಂಪೂರ್ಣವಾಗಿ ಅದರದೇ.

ಆರೋಗ್ಯದ ಕುರಿತು ಎಚ್ಚರಿಕೆಯ ಒಂದು ಮಾತು ಅಗತ್ಯ. ಒಂದೇ ಸಮನೆ ಬಲವಾಗಿ ಊದಿದರೆ ರಕ್ತದಲ್ಲಿನ ಇಂಗಾಲದ ಡೈಆಕ್ಸೈಡ್ ಇಳಿದು ತಲೆ ಸುತ್ತುತ್ತದೆ. ಉತ್ಸಾಹದಲ್ಲಿರುವ ಮಕ್ಕಳು ಅದನ್ನು ಹೇಳಿಕೊಳ್ಳುವುದಿಲ್ಲ. ಸುತ್ತುಗಳ ನಡುವೆ ಬಿಡುವು ಕೊಡಬೇಕು, ಪ್ರತಿ ಮಗುವಿನ ಪಕ್ಕದಲ್ಲಿ ಒಬ್ಬ ಹಿರಿಯರು ನಿಲ್ಲಬೇಕು. ಆಸ್ತಮಾ ಇರುವ ಮಗುವಿಗೆ ಕೈ ಬೀಸಣಿಗೆಯಿಂದ ಓಡಿಸಲು ಒಪ್ಪಿಗೆ ಇರಬೇಕು. ಇದನ್ನು ವಿನಾಯಿತಿ ಎಂದು ಕರೆಯದೆ ಎಲ್ಲರಿಗೂ ಮುಕ್ತವಾದ ಆಯ್ಕೆಯನ್ನಾಗಿ ಇಟ್ಟರೆ ಯಾವ ಮಗುವೂ ಬೇರೆಯಾಗಿ ನಿಲ್ಲಬೇಕಾಗುವುದಿಲ್ಲ. ಕೆಲವು ಕಡೆ ಎಲ್ಲರಿಗೂ ಸ್ಟ್ರಾ ಕೊಡುತ್ತಾರೆ. ಗುರಿ ನಿಖರವಾಗುತ್ತದೆ, ಎಂಜಲು ಹಾರುವುದು ಕಡಿಮೆಯಾಗುತ್ತದೆ, ಹಾಗಾಗಿ ನನಗೆ ಅದೇ ಹೆಚ್ಚು ಹಿಡಿಸಿತು.

ದಂಬೆಯನ್ನು ಸಿದ್ಧಪಡಿಸುವವರು ಅದರ ಭಾರವನ್ನು ಕಡೆಗಣಿಸಬಾರದು. ಅಮೆರಿಕದ ಮನೆಗಳಲ್ಲಿ ಸಾಮಾನ್ಯವಾದ ಐದು ಇಂಚು ಅಗಲದ, ಹತ್ತು ಅಡಿಯ ದಂಬೆಯನ್ನು ತುಂಬಿಸಿದರೆ ಅದರಲ್ಲಿ 40 ಲೀಟರಿನಷ್ಟು ನೀರು ನಿಲ್ಲುತ್ತದೆ, ಅಂದರೆ 40 ಕಿಲೋ. ಎರಡು ತುದಿಗೆ ಮಾತ್ರ ಆಸರೆ ಕೊಟ್ಟರೆ ನಡುವೆ ಬಾಗುತ್ತದೆ, ಬಾಗಿದ ದಂಬೆಯಲ್ಲಿ ನೀರಿನ ಆಳ ಒಂದೇ ಸಮ ಇರುವುದಿಲ್ಲ, ತುದಿಗಳಲ್ಲಿ ಕೀಲ್ ತಳಕ್ಕೆ ತಾಗುತ್ತದೆ. ಉದ್ದಕ್ಕೂ ಹಲಗೆ ಹಾಸಿ, ಅದರ ಮೇಲೆ ಕೂರಿಸಿ, ನೀರು ತುಂಬಿದ ಮೇಲೆ ಜರುಗಿಸುವ ಆಸೆ ಬಿಡಬೇಕು. ಮಲೆನಾಡಿನಲ್ಲಿ ಅಬ್ಬಿ ನೀರನ್ನು ಮನೆಯಂಗಳಕ್ಕೆ ತರಲು ಸೀಳಿದ ಅಡಿಕೆ ಮರದ ದಬ್ಬೆಗಳನ್ನು ಸಾಲಾಗಿ ಜೋಡಿಸುವಾಗ ಅಲ್ಲಲ್ಲಿ ಕವೆಗೋಲು ನೆಟ್ಟು ಆಧಾರ ಕೊಡುವುದನ್ನು ನೋಡಿದವರಿಗೆ ಇದನ್ನು ಬೇರೆಯಾಗಿ ಹೇಳಬೇಕಾಗಿಲ್ಲ.

ಇಷ್ಟೆಲ್ಲ ಆದ ಮೇಲೆ, ಓಟ ಮುಗಿದ ದೋಣಿ ಬಹುತೇಕ ಮನೆಗಳಲ್ಲಿ ಕಪಾಟು ಸೇರುತ್ತದೆ. ಅದು ಈ ಕಿಟ್ಟಿಗೆ ಮಾಡುವ ಅನ್ಯಾಯ ಎಂದು ನಾನು ನಂಬುತ್ತೇನೆ. ದಂಬೆಯಲ್ಲಿ ದೋಣಿ ಕಲಿತದ್ದು ಬೆನ್ನ ಹಿಂದಿನ ಗಾಳಿಗೆ ಓಡುವುದನ್ನಷ್ಟೇ. ಹಾಯಿಯ ನಿಜವಾದ ವಿಸ್ಮಯ ಇರುವುದು ಪಕ್ಕದಿಂದ ಬೀಸುವ ಗಾಳಿಯನ್ನು ಮುಂದಕ್ಕೆ ಹೋಗುವ ಬಲವನ್ನಾಗಿ ಬದಲಿಸುವುದರಲ್ಲಿ, ಮತ್ತು ಅದನ್ನು ಏಳು ಇಂಚಿನ ದೋಣಿಯಲ್ಲೂ ತೋರಿಸಬಹುದು.

ಅದಕ್ಕೆ ಇರುವ ತೊಡಕನ್ನು ಮೊದಲು ತಿಳಿಯಬೇಕು. ಒಂದು ದೋಣಿಯನ್ನು ಎಲ್ಲ ಅಳತೆಗಳಲ್ಲೂ ಅರ್ಧಕ್ಕೆ ಇಳಿಸಿದರೆ, ಅದೇ ಗಾಳಿಯಲ್ಲಿ ಅದನ್ನು ಬೀಳಿಸುವ ಬಲದ ಪರಿಣಾಮ ಎಂಟನೆಯ ಒಂದು ಭಾಗಕ್ಕೆ ಇಳಿಯುತ್ತದೆ. ಆದರೆ ಅದನ್ನು ಎತ್ತಿ ನಿಲ್ಲಿಸುವ ಭಾರದ ಪರಿಣಾಮ ಹದಿನಾರನೆಯ ಒಂದು ಭಾಗಕ್ಕೆ ಕುಸಿಯುತ್ತದೆ. ಚಿಕ್ಕದಾದಷ್ಟೂ ದೋಣಿ ಹೆಚ್ಚು ಅಸ್ಥಿರವಾಗುತ್ತದೆ ಎಂದರ್ಥ. ದೊಡ್ಡ ವಿಹಾರ ನೌಕೆಯನ್ನು ನೋಡಿ ಅದೇ ಪ್ರಮಾಣದಲ್ಲಿ ಮಾಡಿದ ಆಟಿಕೆ ನೀರಿನ ಮೇಲೆ ನಿಲ್ಲದಿರುವುದು ಇದರಿಂದಲೇ. ಆದ್ದರಿಂದ ಕೊಳಕ್ಕೆ ಇಳಿಸುವ ಮುನ್ನ ಕೀಲನ್ನು ಆಳ ಮಾಡಬೇಕು, ಹಾಯಿಯನ್ನು ತಗ್ಗಿಸಬೇಕು. ನಾವು ಕಿಟ್ಟಿನ ಕೀಲನ್ನು ತೆಗೆದು, ಮೂರು ಇಂಚಿಗೂ ಮಿಕ್ಕಿ ಇಳಿಯುವ ಗಟ್ಟಿ ಪ್ಲಾಸ್ಟಿಕ್ ಪಟ್ಟಿಯನ್ನು ಸಿಕ್ಕಿಸಿ, ಅದರ ತುದಿಗೆ ಉಕ್ಕಿನ ವಾಷರ್‌ಗಳನ್ನು ಎರಡೂ ಬದಿಯಿಂದ ಬಿಗಿದೆವು. ಮೀನಿನ ಗಾಳಕ್ಕೆ ಕಟ್ಟುವ ಸೀಸದ ಗುಂಡುಗಳು ಸುಲಭವಾಗಿ ಸಿಗುತ್ತವೆಯಾದರೂ, ಸೀಸ ವಿಷವಾದ್ದರಿಂದ ಮಕ್ಕಳ ಕೈಗೆ ಕೊಡಬಾರದು. ದೋಣಿ ನೀರಿನ ಮೇಲೆ ಅರ್ಧಕ್ಕಿಂತ ಕಡಿಮೆ ಮುಳುಗಿ ನಿಲ್ಲುವವರೆಗೆ, ಮತ್ತು ಪಟಗಂಬದ ತುದಿಯನ್ನು ನೀರಿಗೆ ಮುಟ್ಟಿಸಿ ಬಿಟ್ಟರೂ ತಾನಾಗಿ ಎದ್ದು ನಿಲ್ಲುವವರೆಗೆ ವಾಷರ್‌ಗಳನ್ನು ಕೂಡಿಸಿ ಕಳೆದು ನೋಡುವುದು ಮಕ್ಕಳಿಗೆ ಬಹಳ ಇಷ್ಟವಾದ ಕೆಲಸ. ನೀರು ತುಂಬಿದ ಬಕೆಟ್ ಎದುರಿಗಿಟ್ಟುಕೊಂಡು ಅವರು ಇದರಲ್ಲಿ ಗಂಟೆಗಟ್ಟಲೆ ಮುಳುಗಿದರು.

ಹಾಯಿಯನ್ನು ತ್ರಿಕೋನಾಕಾರದಲ್ಲಿ ಕತ್ತರಿಸಬೇಕು, ಅದರ ಕೆಳಗೆ ಒಂದು ಅಡ್ಡಕಡ್ಡಿ ಇರಬೇಕು, ಆ ಕಡ್ಡಿ ಪಟಗಂಬದ ಸುತ್ತ ತಿರುಗುವಂತಿರಬೇಕು, ಎಷ್ಟು ತಿರುಗಬೇಕು ಎಂಬುದನ್ನು ಹಿಂಬದಿಗೆ ಕಟ್ಟಿದ ದಾರ ನಿರ್ಧರಿಸಬೇಕು. ದಾರವನ್ನು ಸಡಿಲಿಸಿದರೆ ಹಾಯಿ ಹೊರಗೆ ತೆರೆದುಕೊಳ್ಳುತ್ತದೆ, ಬಿಗಿದರೆ ದೋಣಿಯ ಮಧ್ಯರೇಖೆಗೆ ಹತ್ತಿರವಾಗುತ್ತದೆ. ಅಡ್ಡಗಾಳಿಗೆ ಅರ್ಧದಷ್ಟು ತೆರೆದ ಹಾಯಿ ಸರಿಹೊಂದುತ್ತದೆ. ದೋಣಿ ಪದೇ ಪದೇ ಗಾಳಿಯ ಕಡೆಗೆ ಮೂತಿ ತಿರುಗಿಸಿ ಹಾಯಿ ಬಡಿಯುತ್ತ ನಿಂತರೆ ಹಾಯಿ ತೀರಾ ಹಿಂದಿದೆ ಎಂದು ತಿಳಿಯಬೇಕು. ಪಟಗಂಬವನ್ನು ಮುಂದಕ್ಕೆ ಸರಿಸಬೇಕು ಅಥವಾ ಕೀಲನ್ನು ಹಿಂದಕ್ಕೆ. ಗಾಳಿಗೆ ಬೆನ್ನು ತಿರುಗಿಸಿ ಓಡತೊಡಗಿದರೆ ಅದಕ್ಕೆ ವ್ಯತಿರಿಕ್ತವಾಗಿ ಮಾಡಬೇಕು. ಇದಕ್ಕಾಗಿ ಒಡಲಿನಲ್ಲಿ ಪಟಗಂಬಕ್ಕೆಂದು ಸಾಲಾಗಿ ಮೂರು ರಂಧ್ರ ಕೊರೆದಿಟ್ಟುಕೊಳ್ಳುವುದು ಒಳ್ಳೆಯ ಉಪಾಯ. ನಮ್ಮ ದೊಡ್ಡ ಮಗ ಯಾವ ರಂಧ್ರದಲ್ಲಿ ದೋಣಿ ಹೇಗೆ ನಡೆಯಿತು ಎಂದು ಪುಸ್ತಕದಲ್ಲಿ ಬರೆದಿಟ್ಟುಕೊಂಡದ್ದನ್ನು ನೋಡಿ ನನಗಾದ ಸಂತೋಷ ಅವನು ಓಟದಲ್ಲಿ ಗೆದ್ದಾಗಲೂ ಆಗಿರಲಿಲ್ಲ.

ನಾವು ಇದನ್ನು ತೇಲಿಬಿಟ್ಟದ್ದು ಸ್ಯಾನ್ ಫ್ರಾನ್ಸಿಸ್ಕೋದ ಗೋಲ್ಡನ್ ಗೇಟ್ ಪಾರ್ಕಿನಲ್ಲಿರುವ ಸ್ಪ್ರೆಕಲ್ಸ್ ಲೇಕ್‌ನಲ್ಲಿ. ಮಾದರಿ ದೋಣಿಗಳಿಗೆಂದೇ 1904ರ ಹೊತ್ತಿಗೆ ಕಟ್ಟಿದ ಕೊಳ ಅದು; 1898ರಲ್ಲಿ ಆರಂಭವಾದ ಸ್ಯಾನ್ ಫ್ರಾನ್ಸಿಸ್ಕೋ ಮಾಡೆಲ್ ಯಾಟ್ ಕ್ಲಬ್ಬಿನ ನೆಲೆಯೂ ಹೌದು. ಸ್ಯಾನ್ ಫ್ರಾನ್ಸಿಸ್ಕೋ ಕೊಲ್ಲಿ ಪ್ರದೇಶದಲ್ಲಿರುವ ಕನ್ನಡಿಗರಿಗೆ ಇದು ಅರ್ಧ ದಿನದಲ್ಲಿ ಹೋಗಿ ಬರಬಹುದಾದ ಜಾಗ. ಬೇಸಿಗೆಯ ಮಧ್ಯಾಹ್ನಗಳಲ್ಲಿ ಪೆಸಿಫಿಕ್ ಕಡೆಯಿಂದ ಬೀಸುವ ಪಡುವಣ ಗಾಳಿ ಪುಟ್ಟ ದೋಣಿಗೆ ತೀರಾ ಹೆಚ್ಚಾಗುತ್ತದೆ, ಆದ್ದರಿಂದ ಬೆಳಗ್ಗೆಯೇ ಹೋಗಬೇಕು. ಅದೃಷ್ಟವಿದ್ದರೆ ಹಿರಿಯ ಹವ್ಯಾಸಿಗಳು ತಮ್ಮ ದೊಡ್ಡ ಮಾದರಿಗಳನ್ನು ಓಡಿಸುವುದನ್ನೂ ನೋಡಬಹುದು. ಮಾದರಿ ದೋಣಿಗಳ ಜಗತ್ತಿನಲ್ಲಿ ಮಾರ್ಬಲ್‌ಹೆಡ್ ಎಂಬ ಪ್ರಸಿದ್ಧ ವರ್ಗವಿದೆ, 50 ಇಂಚು ಉದ್ದ, 800 ಚದರ ಇಂಚು ಹಾಯಿ. ರೇಡಿಯೋ ನಿಯಂತ್ರಣ ಬರುವ ಮೊದಲು ಇಂಥ ದೋಣಿಗಳು ಗಾಳಿಯ ದಿಕ್ಕನ್ನು ಹಿಡಿಯುವ ಪುಟ್ಟ ರೆಕ್ಕೆಗೆ ಚುಕ್ಕಾಣಿಯನ್ನು ಜೋಡಿಸಿಕೊಂಡು ತಮ್ಮ ದಾರಿಯನ್ನು ತಾವೇ ಕಾಯ್ದುಕೊಳ್ಳುತ್ತಿದ್ದವು, ಮತ್ತು ಅವುಗಳ ಒಡೆಯರು ಕೋಲು ಹಿಡಿದು ದಂಡೆಯುದ್ದಕ್ಕೂ ಓಡುತ್ತಿದ್ದರು. ಮಕ್ಕಳ ದೋಣಿಯೂ ಅದೇ ಮನೆತನದ್ದು: ಬಿಡುವ ಮೊದಲು ಎಲ್ಲವನ್ನೂ ಸರಿಯಾಗಿ ಹೊಂದಿಸಬೇಕು, ಬಿಟ್ಟ ಮೇಲೆ ಅದು ತನ್ನ ಹೊಂದಾಣಿಕೆಗೆ ತಕ್ಕಂತೆ ನಡೆಯುತ್ತದೆ. ಏಳು ಇಂಚಿನ ದೋಣಿ ಅಷ್ಟು ದೊಡ್ಡ ನೀರಿನಲ್ಲಿ ಬೇಗ ಕಣ್ಮರೆಯಾಗುವುದರಿಂದ ಹಿಂಬದಿಗೆ ತೆಳುವಾದ ಮೀನುದಾರ ಕಟ್ಟಿರಬೇಕು, ದಂಡೆಯ ಮೇಲಿನ ಮಗುವಿನ ಕೈ ಹಿರಿಯರ ಅಳವಿನಲ್ಲೇ ಇರಬೇಕು.

ಇಲ್ಲಿ ಓಟದ ಸ್ವರೂಪ ದಂಬೆಯದಕ್ಕಿಂತ ಬೇರೆ. ಇಬ್ಬರೂ ತಮ್ಮ ದೋಣಿಗಳನ್ನು ಒಂದೇ ಕಡೆಯಿಂದ ಅಡ್ಡಗಾಳಿಗೆ ಬಿಟ್ಟು, ದಾರದ ಉದ್ದದೊಳಗೆ ಯಾರದು ಹೆಚ್ಚು ನೇರವಾಗಿ ಸಾಗಿತು ಎಂದು ನೋಡುವುದು ನಾವು ಕಂಡುಕೊಂಡ ನಿಯಮ. ವೇಗಕ್ಕೆ ಅಂಕವಿಲ್ಲ. ಈ ನಿಯಮದಿಂದ ಮಕ್ಕಳ ಗಮನ ತಾವಾಗಿಯೇ ಹಾಯಿಯ ಕೋನದ ಕಡೆಗೆ, ಚುಕ್ಕಾಣಿಯ ಬಾಗಿನ ಕಡೆಗೆ ಹೊರಳುತ್ತದೆ. ಗಾಳಿ ಯಾವ ಕಡೆಯಿಂದ ಬರುತ್ತಿದೆ ಎಂದು ಕೆನ್ನೆಯ ಮೇಲೆ ಗುರುತಿಸಲು, ದೂರದ ನೀರು ಕಪ್ಪಾಗುವುದನ್ನು ನೋಡಿ ಗಾಳಿಯ ಹೊಡೆತ ಬರಲಿದೆ ಎಂದು ಮುಂಚೆಯೇ ಹೇಳಲು ಅವರು ಕಲಿಯುತ್ತಾರೆ.

ಯಾರಿಗೆ ಈ ಕಿಟ್ ಒಗ್ಗುತ್ತದೆ ಎಂದರೆ, ಆರರಿಂದ ಹತ್ತು ವರ್ಷದ ಮಕ್ಕಳಿಗೆ, ಬಣ್ಣ ಒಣಗುವವರೆಗೆ ಕಾಯಲು ಸಿದ್ಧವಿರುವ ಮನೆಗಳಿಗೆ. ಒಂದೇ ಸಂಜೆಯಲ್ಲಿ ಮುಗಿಸಬೇಕೆಂದಿರುವವರಿಗೆ ಅಲ್ಲ. ಸಾಧ್ಯವಿದ್ದರೆ ಮಗುವಿಗೆ ಎರಡರಂತೆ ಕೊಳ್ಳಿ, ಒಂದನ್ನು ನಿಯಮದ ಪ್ರಕಾರ ದಂಬೆಗೆ ಕಟ್ಟಲು, ಇನ್ನೊಂದನ್ನು ಕೊಳಕ್ಕಾಗಿ ಮನಸ್ಸಿಗೆ ಬಂದಂತೆ ಮಾರ್ಪಡಿಸಲು. ಕರ್ನಾಟಕದಲ್ಲಿರುವವರು ಇದನ್ನು ಹೊರದೇಶದಿಂದ ತರಿಸುವ ಅಗತ್ಯ ನನಗೆ ಕಾಣುವುದಿಲ್ಲ. ಶಾಲೆಯ ಮಾದರಿಗಳಿಗೆ ಸಾಮಾನು ಮಾರುವ ಅಂಗಡಿಗಳಲ್ಲಿ ಬಾಲ್ಸಾ ಸಿಗುತ್ತದೆ, ಸಿಗದಿದ್ದರೆ ಗಟ್ಟಿ ಥರ್ಮೋಕೋಲಿನಲ್ಲಿ ಒಡಲು ಮಾಡಬಹುದು, ಹಾಯಿಗೆ ತೊಳೆದ ಹಾಲಿನ ಪ್ಯಾಕೆಟ್ಟಿನ ಪ್ಲಾಸ್ಟಿಕ್ ಚೆನ್ನಾಗಿ ಒದಗುತ್ತದೆ. ದಂಬೆಗೆ 110 ಮಿಲಿಮೀಟರಿನ ಪಿವಿಸಿ ಪೈಪನ್ನು ಹಾರ್ಡ್‌ವೇರ್ ಅಂಗಡಿಯವರಿಂದಲೇ ಉದ್ದಕ್ಕೆ ಸೀಳಿಸಿಕೊಂಡು, ತುದಿಗಳಿಗೆ ಮುಚ್ಚಳವನ್ನು ಅರ್ಧಕ್ಕೆ ಕತ್ತರಿಸಿ ಅಂಟಿಸಬೇಕು. ಒಂದು ಪೈಪಿನಿಂದ ಎರಡು ದಂಬೆಗಳಾಗುತ್ತವೆ. ಅರ್ಧ ಪೈಪಿನ ಆಳ ಎರಡು ಇಂಚಿನಷ್ಟೇ ಇರುವುದರಿಂದ ಅಲ್ಲಿಗೆ ಕಟ್ಟುವ ದೋಣಿಯ ಕೀಲ್ ಒಂದು ಇಂಚಿಗಿಂತ ಕೆಳಗೆ ಇಳಿಯಬಾರದು, ಸೀಳಿದ ಅಂಚುಗಳನ್ನು ಮಕ್ಕಳು ಮುಟ್ಟುವ ಮೊದಲು ಉಪ್ಪುಕಾಗದದಿಂದ ಉಜ್ಜಿ ನಯ ಮಾಡಿರಬೇಕು.